ಸೋಲಾರ್ ಜೊತೆಗಿನ ಗೀಸರ್ ತಾನಾಗಿ ಆನ್ ಆಗೋಕೆ ಯಾವ ಬೋರ್ಡ್, ಯಾವ ಡಿಸ್‌ಪ್ಲೇ?

ಸೋಲಾರ್ ನೀರು ಕಾಯದ ದಿನ ಮಾತ್ರ ಗೀಸರ್ ತಾನೇ ಆನ್ ಆಗಬೇಕು, ಅದಕ್ಕೆ ಆರ್ಡುಯಿನೊ ಉನೊ, ಇಎಸ್‌ಪಿ32, ಪಿಕೊ ಡಬ್ಲ್ಯೂ (ಮೂರೂ ಪ್ರೋಗ್ರಾಂ ಹಾಕಿ ಓಡಿಸೋ ಪುಟ್ಟ ಬೋರ್ಡ್‌ಗಳು) ಇವುಗಳಲ್ಲಿ ಯಾವುದು, ಟಚ್‌ಸ್ಕ್ರೀನ್ ಹಾಕಲಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯವನೇ. ಇದೇ ಕೆಲಸ ನಮ್ಮ ಮನೆಯಲ್ಲಿ ಮೂರು ಸಲ ಮಾಡಿದೆ, ಅದರಲ್ಲಿ ಎರಡು ಸಲ ಕೆಡಿಸಿಕೊಂಡೆ.

ಬೋರ್ಡ್ ವಿಷಯ ಒಂದೇ ಮಾತಲ್ಲಿ ಮುಗಿಯುತ್ತೆ: ಇಎಸ್‌ಪಿ32 ತಗೊಳ್ಳಿ. ವೈಫೈ ಅದರಲ್ಲೇ ಇದೆ (2.4 ಗಿಗಾಹರ್ಟ್ಸ್ ಮಾತ್ರ, ರೂಟರ್‌ನಲ್ಲಿ ಅದು ಆನ್ ಇರಲಿ). ಹಳೇ ಉನೊದಲ್ಲಿ (ಆರ್3) ವೈಫೈ ಇಲ್ಲ, ರ್‍ಯಾಮ್ ಬರೀ 2 ಕೆಬಿ. 128x64 ಚುಕ್ಕೆಯ ಓಎಲ್‌ಇಡಿ (ಪುಟ್ಟ ಡಿಸ್‌ಪ್ಲೇ) ಒಂದು ಪರದೆ ತುಂಬೋಕೇ ಅದರಲ್ಲಿ ಅರ್ಧ ಹೋಗುತ್ತೆ. ಪಿಕೊ ಡಬ್ಲ್ಯೂ ಕೂಡ ಒಳ್ಳೆಯದೇ, ಈಗಾಗಲೇ ಕೈಯಲ್ಲಿದ್ದರೆ ಅದನ್ನೇ ಬಳಸಿ. ಇಎಸ್‌ಪಿ32ರಲ್ಲಿ 0, 2, 5, 12, 15ನೇ ಪಿನ್‌ಗಳಿಗೆ ರಿಲೇ (ಬೋರ್ಡ್ ಹೇಳಿದಂತೆ ಆನ್ ಆಫ್ ಆಗೋ ಸ್ವಿಚ್) ಕೊಡಬೇಡಿ. ಬೂಟ್ ಆಗುವಾಗ ಬೋರ್ಡ್ ಆ ಪಿನ್‌ಗಳ ಸ್ಥಿತಿ ಓದಿ ಹೇಗೆ ಶುರುವಾಗಬೇಕು ಅಂತ ತೀರ್ಮಾನಿಸುತ್ತೆ. ನಾನು 12ಕ್ಕೆ ಕೊಟ್ಟು, ಬೋರ್ಡೇ ಸತ್ತಿದೆ ಅಂದುಕೊಂಡು ಒಂದು ಭಾನುವಾರ ಪೂರ್ತಿ ಕಳೆದೆ.

ನಿಜವಾದ ಪ್ರಶ್ನೆ ರಿಲೇದು. 2 ಕಿಲೋವಾಟ್ ಗೀಸರ್ 230 ವೋಲ್ಟ್‌ನಲ್ಲಿ ಹತ್ತಿರಹತ್ತಿರ 8.7 ಆಂಪಿಯರ್ ಎಳೆಯುತ್ತೆ. ಎಲ್ಲ ಕಡೆ ಸಿಗೋ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತೆ, ಸಾಕಲ್ಲ ಅನ್ನಿಸುತ್ತೆ. ನಮ್ಮದು ಮೊದಲ ಮಳೆಗಾಲದಲ್ಲೇ ಸ್ಕ್ರೂ ಹತ್ತಿರದ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬಚ್ಚಲಿನ ತನಕ ಬಂತು. ಈಗ ಆ ನೀಲಿ ರಿಲೇ 25 ಆಂಪಿಯರ್ ಕಾಂಟ್ಯಾಕ್ಟರ್‌ನ (ದೊಡ್ಡ ಕರೆಂಟಿಗೆ ಮಾಡಿದ ಗಟ್ಟಿ ಸ್ವಿಚ್) ಕಾಯಿಲ್ ಮಾತ್ರ ಆನ್ ಮಾಡುತ್ತೆ, ಗೀಸರ್ ಭಾರವೆಲ್ಲ ಕಾಂಟ್ಯಾಕ್ಟರ್ ಮೇಲೆ. ಸಾಲಿಡ್ ಸ್ಟೇಟ್ ರಿಲೇ (ಅಲುಗಾಡೋ ಭಾಗವಿಲ್ಲದ ಎಲೆಕ್ಟ್ರಾನಿಕ್ ರಿಲೇ) ಸದ್ದು ಮಾಡಲ್ಲ ನಿಜ, ಆದರೆ ಈ ಲೋಡಿಗೆ ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ತುಂಡು) ಬೇಕೇ ಬೇಕು, ಕೆಟ್ಟರೆ ಸಾಮಾನ್ಯವಾಗಿ ಆನ್ ಆಗೇ ಉಳಿಯುತ್ತೆ. ಅದಕ್ಕೇ ಗೀಸರಿನ ಒಳಗಿರೋ ಥರ್ಮೋಸ್ಟ್ಯಾಟ್, ಅತಿ ಬಿಸಿಯಾದರೆ ಕರೆಂಟ್ ಕಡಿಯೋ ಕಟೌಟ್ ಎರಡನ್ನೂ ಮುಟ್ಟಬೇಡಿ. ನಿಮ್ಮ ಪ್ರೋಗ್ರಾಂ ಅವುಗಳ ಹೊರಗೇ ಇರಲಿ. 230 ವೋಲ್ಟ್ ಕಡೆಯ ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಅರ್ಥಿಂಗ್ ಜೊತೆ, ಕರೆಂಟ್ ಸೋರಿದರೆ ತಾನೇ ಆಫ್ ಆಗೋ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯೂ ಇರಲಿ.

ನೀರಿನ ಬಿಸಿ ಅಳೆಯೋ ಸೆನ್ಸರ್‌ಗೆ ಸ್ಟೀಲ್ ಕವಚದ ಡಿಎಸ್18ಬಿ20, ಜೊತೆಗೆ 4.7 ಕಿಲೋಓಮ್ ರೆಸಿಸ್ಟರ್. ಮೊದಲು ಅದನ್ನು ಸೋಲಾರ್ ಟ್ಯಾಂಕಿನಿಂದ ಬಿಸಿನೀರು ಇಳಿಯೋ ಪೈಪಿಗೆ ಕಟ್ಟಿದ್ದೆ. ಬೆಳಗಿನ ಜಾವ ಆ ಪೈಪಿನಲ್ಲಿ ನಿಂತಿರೋದು ರಾತ್ರಿಯ ತಣ್ಣೀರು. ಹಾಗಾಗಿ ಟ್ಯಾಂಕ್ ತುಂಬ ಬಿಸಿನೀರಿದ್ದರೂ ಗೀಸರ್ ದಿನಾ ಓಡಿತು. ಸೆನ್ಸರ್ ಟ್ಯಾಂಕಿನ ಮೈಗೇ ತಾಗುವಂತೆ, ಬಿಸಿ ಹೋಗದಂತೆ ತಡೆಯೋ ಪಫ್ ಹೊದಿಕೆಯ ಒಳಗೆ ಇರಬೇಕು. ವೈರ್ ಮಾತ್ರ ಕೆಳಗಿಳಿಸಿ ಬೋರ್ಡ್ ಮನೆಯೊಳಗೇ ಇಡಿ, ನಮ್ಮ ತಾರಸಿಯ ಏಪ್ರಿಲ್ ಬಿಸಿಲಿಗೆ ಅದನ್ನು ಒಡ್ಡಬೇಡಿ.

ಇನ್ನೊಂದು ಪೆಟ್ಟು ಹೇಳಲೇಬೇಕು. ಈ ಸೆನ್ಸರ್‌ಗೆ ಕರೆಂಟ್ ಬಂದ ಕೂಡಲೇ, ಅಳತೆ ಮುಗಿಯೋ ಮೊದಲೇ ಓದಿದರೆ 85 ಡಿಗ್ರಿ ಅನ್ನುತ್ತೆ. ಧನುರ್ಮಾಸದ ಒಂದು ದಿನ ಐದು ಗಂಟೆಗೆ ಕರೆಂಟ್ ಹೋಗಿ ಬಂತು. ಪ್ರೋಗ್ರಾಂ 85 ನೋಡಿ 'ಇವತ್ತು ಗೀಸರ್ ಬೇಡ' ಅಂತ ತೀರ್ಮಾನಿಸಿಬಿಡ್ತು. ಪೂಜೆಗೆ ಕೂರೋ ಅಪ್ಪಾಜಿ ತಣ್ಣೀರು ಸುರಿದುಕೊಂಡು ಹೊರಗೆ ಬಂದು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅಂದಿನಿಂದ ಸರಿಯಾಗಿ 85 ಬಂದರೆ ಅದನ್ನು ಬಿಟ್ಟು ಒಂದು ಸೆಕೆಂಡ್ ಕಾದು ಮತ್ತೆ ಓದಿಸ್ತೀನಿ. ಬೋರ್ಡ್ ಸಮಯ ತಿಳಿಯೋದು ಇಂಟರ್ನೆಟ್‌ನಿಂದ, ಕರೆಂಟ್ ಬಂದರೂ ರೂಟರ್ ಏಳೋಕೆ ಹೊತ್ತಾಗುತ್ತೆ, ಅದಕ್ಕೆ ಸಮಯ ಹಿಡಿದಿಡೋಕೆ ಬ್ಯಾಟರಿ ಇರೋ ಡಿಎಸ್3231 ಗಡಿಯಾರವನ್ನೂ ಸೇರಿಸಿ.

ಡಿಸ್‌ಪ್ಲೇ ಆರಿಸುವಾಗ ನೋಡೋರು ಯಾರು ಅಂತ ಮೊದಲು ಯೋಚಿಸಿ. ನಾನು 16x2 (16 ಅಕ್ಷರದ ಎರಡು ಸಾಲು) ಎಲ್‌ಸಿಡಿಯಿಂದ ಶುರು ಮಾಡಿದೆ. ಬೋರ್ಡ್ ಅದನ್ನು ಗುರುತಿಸೋ ಸಂಖ್ಯೆ, ಅಂದರೆ ಐ2ಸಿ ವಿಳಾಸ, ಸಾಮಾನ್ಯವಾಗಿ ಹೆಕ್ಸ್‌ನಲ್ಲಿ 27 ಇಲ್ಲವೇ 3ಎಫ್ ಇರುತ್ತೆ, ಒಂದು ಬರದಿದ್ದರೆ ಇನ್ನೊಂದು ಹಾಕಿ ನೋಡಿ. ಅದು 5 ವೋಲ್ಟಿನದು, ಇಎಸ್‌ಪಿ32 3.3 ವೋಲ್ಟಿನದು, ಹಾಗಾಗಿ ನಡುವೆ ಎರಡರ ವೋಲ್ಟೇಜ್ ಹೊಂದಿಸೋ ಲೆವೆಲ್ ಶಿಫ್ಟರ್ ಬೇಕು. ಅದರಲ್ಲಿ ಕನ್ನಡ ಬರಲ್ಲ. ನಾವೇ ಬಿಡಿಸಬಹುದಾದ ಅಕ್ಷರ ಎಂಟು ಮಾತ್ರ, ಒಂದೊಂದಕ್ಕೂ 5x8 ಚುಕ್ಕೆ. 'ಬಿಸಿ' ಅಂತ ಬರೆಯೋಕೆ ಹೋದೆ, 'ಬಿ'ಯ ಗುಡಿಸು ಅಷ್ಟರಲ್ಲಿ ಕೂರಲೇ ಇಲ್ಲ. ಓಎಲ್‌ಇಡಿಯಲ್ಲಿ ಚಿತ್ರ ಮಾಡಿ ಹಾಕಿದಾಗ 'ಬಿಸಿ' ಚೆಂದ ಬಂತು, ಆದರೆ ಒಂದಂಗುಲವೂ ಇಲ್ಲದ ಪರದೆ ಅದು, ಅಪ್ಪಾಜಿಗೆ ಕನ್ನಡಕ ಬೇಕೇ ಬೇಕು. ಕೊನೆಗೆ ಗೆದ್ದಿದ್ದು ಎಲ್ಲಕ್ಕಿಂತ ಹಳೇ ಕಾಲದ್ದು ಅನ್ನಿಸೋ ಟಿಎಂ1637, ನಾಲ್ಕು ಕೆಂಪು ಅಂಕಿ. ಬಚ್ಚಲ ಬಾಗಿಲಲ್ಲೇ ನಿಂತು 48 ಅಂತ ಓದಿ ಟವಲ್ ತಗೊಂಡು ಒಳಗೆ ಹೋಗ್ತಾರೆ.

ಟಚ್‌ಸ್ಕ್ರೀನ್ ಬೇಡ. ಒದ್ದೆ ಕೈಲಿ ಅದನ್ನು ಒತ್ತೋರ್‍ಯಾರು? ಸೆಟ್ಟಿಂಗ್ ಬದಲಿಸೋಕೆ ಮೊಬೈಲಲ್ಲಿ ತೆರೆಯೋ ಒಂದು ಪುಟವನ್ನು ಇಎಸ್‌ಪಿ32 ತಾನೇ ಕೊಡುತ್ತೆ.

ನಿಮ್ಮ ಗೀಸರ್ ಎಷ್ಟು ವಾಟ್, ಟ್ಯಾಂಕಿನಿಂದ ಬಚ್ಚಲಿಗೆ ಸೆನ್ಸರಿಗೆ ಎಷ್ಟು ಮೀಟರ್ ವೈರ್ ಬೇಕು ಅಂತ ಬರೀರಿ. 3 ಕಿಲೋವಾಟ್ ಆದರೆ 13 ಆಂಪಿಯರ್ ದಾಟುತ್ತೆ, ಆಗ ಗೀಸರಿಗೆ ಕರೆಂಟ್ ತರೋ ವೈರಿನ ದಪ್ಪವನ್ನೂ ನೋಡಬೇಕಾಗುತ್ತೆ.