ಯೂನಿಟ್ ಇಳಿಸಿದರೂ ಕೋಲ್ಡ್ ಸ್ಟೋರೇಜಿನ ಕರೆಂಟ್ ಬಿಲ್ ಯಾಕೆ ಇಳಿಯುತ್ತಿಲ್ಲ?

ನೀವು ಕೇಳಿದ್ದು ಇಷ್ಟು: ಕಾರವಾರದಲ್ಲಿ ಮೀನಿನ ಸಣ್ಣ ಕೋಲ್ಡ್ ಸ್ಟೋರೇಜ್, ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್. ಯೂನಿಟ್ ಕಡಿಮೆ ಮಾಡಿದರೂ ಬಿಲ್ ಇಳಿದಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದೆ, ಕಾಳಿ ನದಿಯೂ ನಮ್ಮದೇ, ಹಾಗಿದ್ದೂ ಹೊರಗಿನ ಮಾರುಕಟ್ಟೆಯ ದರ ಏರಿದರೆ ನಮಗೇಕೆ ಬಿಸಿ? ಕರೆಂಟು ಕೊಳ್ಳುವ-ಮಾರುವ ಮಾರುಕಟ್ಟೆಯಾದ ಎಕ್ಸ್‌ಚೇಂಜಿನಿಂದ ನೇರವಾಗಿ ಕೊಳ್ಳಬಹುದಾ?

ನಾನು ಅಂಕೋಲಾ ಕಡೆಯವನು, ಐಸ್ ಪ್ಲಾಂಟ್ ನಡೆಸುತ್ತೇನೆ. ನನಗೆ ಇದರ ಉತ್ತರ ಸಿಕ್ಕಿದ್ದು ಜುಲೈ ತಿಂಗಳ ಬಿಲ್ಲಿನಲ್ಲಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟೇ ಇಲ್ಲದ ಮೇಲೆ ಐಸ್ ಯಾರಿಗೆ? ಕಂಪ್ರೆಸರ್ ನಿಲ್ಲಿಸುತ್ತೇವೆ, ಅಮೋನಿಯಾ ವಾಲ್ವ್ ಬಂದ್ ಮಾಡುತ್ತೇವೆ, ಐಸ್ ಕ್ಯಾನುಗಳನ್ನು ಬೋರಲು ಹಾಕಿ ಬೀಗ ಜಡಿಯುತ್ತೇವೆ. ಆಮೇಲೆ ಉರಿಯುವುದು ವಾಚ್‌ಮನ್ ಕೋಣೆಯ ಒಂದು ಬಲ್ಬು, ಒಂದು ಫ್ಯಾನು. ಆದರೂ ಬಿಲ್ ಬರುತ್ತದೆ, ಅದೂ ಸಾವಿರಗಟ್ಟಲೆ. ಮೊದಲ ವರ್ಷ ಮೀಟರ್ ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆ.

ಕೆಟ್ಟಿರಲಿಲ್ಲ. ಅದು ಡಿಮ್ಯಾಂಡ್ ಚಾರ್ಜ್. ನೀವು ಒಂದೇ ಹೊತ್ತಿಗೆ ಇಷ್ಟು ಕೆವಿಎ (ಲೋಡಿನ ಅಳತೆ) ಬೇಕು ಅಂತ ಒಪ್ಪಂದ ಮಾಡಿಕೊಂಡಿದ್ದೀರಿ, ಅಷ್ಟಕ್ಕೆ ಬೇಕಾದ ಲೈನು, ಸಬ್‌ಸ್ಟೇಷನ್ ಎಲ್ಲ ನಿಮಗಾಗಿ ಸಿದ್ಧ ಇರಬೇಕು. ಬಳಸಿದರೂ ಬಳಸದಿದ್ದರೂ ಒಪ್ಪಂದದ ದೊಡ್ಡ ಪಾಲಿಗೆ ದುಡ್ಡು ಕಟ್ಟಲೇಬೇಕು. ಒಪ್ಪಂದ ಮೀರಿದರೆ ಮೀರಿದ ಭಾಗಕ್ಕೆ ದಂಡದ ದರ. ಯೂನಿಟ್ ಎಷ್ಟು ಇಳಿಸಿದರೂ ಈ ಸಾಲು ಅಲ್ಲಾಡುವುದಿಲ್ಲ.

ದಂಡದ ಪಾಠವನ್ನೂ ಕಲಿತಿದ್ದೇನೆ, ತಪ್ಪು ನನ್ನದೇ. ಒಂದು ಆಗಸ್ಟ್ 1ಕ್ಕೆ ಬೋಟು ಹೊರಡುವ ಗಡಿಬಿಡಿ. ಎರಡು ತಿಂಗಳು ಸುಮ್ನೆ ನಿಂತಿದ್ದ ಬ್ರೈನ್ ಟ್ಯಾಂಕಿನ ಉಪ್ಪುನೀರು ಬೆಚ್ಚಗಾಗಿತ್ತು. ಬೇಗ ತಣ್ಣಗಾಗಲಿ ಅಂತ ಎರಡೂ ಕಂಪ್ರೆಸರ್, ಪಂಪ್, ಕಂಡೆನ್ಸರ್ ಫ್ಯಾನ್ ಎಲ್ಲ ಒಟ್ಟಿಗೆ ಓಡಿಸಿದೆವು. ಮೀಟರ್ ಹದಿನೈದು ನಿಮಿಷದ ಸರಾಸರಿ ನೋಡಿ ತಿಂಗಳ ಅತಿ ಹೆಚ್ಚಿನ ಬೇಡಿಕೆಯನ್ನು ಎಂಡಿ (ಮ್ಯಾಕ್ಸಿಮಮ್ ಡಿಮ್ಯಾಂಡ್) ಅಂತ ಬರೆದುಕೊಳ್ಳುತ್ತದೆ. ಆ ಒಂದು ಮಧ್ಯಾಹ್ನದ ಓಟಕ್ಕೆ ಇಡೀ ತಿಂಗಳು ದಂಡ ಕಟ್ಟಿದೆ. ಈಗ ಜುಲೈ 27, 28ಕ್ಕೇ ಒಂದೇ ಕಂಪ್ರೆಸರ್ ಹಾಕಿ ನಿಧಾನಕ್ಕೆ ತಣಿಸುತ್ತೇನೆ. ಯೂನಿಟ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ.

ಇನ್ನು ಕೈಗಾ, ಕಾಳಿ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 880. ಅದು ಕೇಂದ್ರದ ಸ್ಥಾವರ, ಕರೆಂಟು ದಕ್ಷಿಣದ ಗ್ರಿಡ್‌ಗೆ ಹೋಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಕಾಳಿಯ ಸೂಪಾ ಡ್ಯಾಮಿನ ನೀರಿನಿಂದ ನಾಗಝರಿ ವಿದ್ಯುದಾಗಾರದಲ್ಲಿ ಆಗುವ ಕರೆಂಟು ಅಗ್ಗವೇ, ಆದರೆ ಅದೂ ರಾಜ್ಯದ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ತಂತಿ ನಮ್ಮ ಗದ್ದೆಯ ಮೇಲೆ ಹೋಗುತ್ತದೆ ಅಂತ ದರದಲ್ಲಿ ರಿಯಾಯಿತಿ ಇಲ್ಲ. (ಮುಳುಗಡೆಯಲ್ಲಿ ಊರು ಕಳೆದುಕೊಂಡವರು ಈ ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.)

ಮಳೆ ಕೈಕೊಟ್ಟರೆ ಜಲವಿದ್ಯುತ್ ಇಳಿಯುತ್ತದೆ, ಹೊರಗಿನಿಂದ ದುಬಾರಿ ಕೊಳ್ಳಬೇಕು. 2023ರಲ್ಲಿ ಆಗಿದ್ದು ಅದೇ. ಆ ಅಕ್ಟೋಬರ್‌ನಲ್ಲಿ, ರಾಜ್ಯದೊಳಗೆ ತಯಾರಾದ ಕರೆಂಟನ್ನು ಹೊರಗೆ ಮಾರಬಾರದು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11ರ ಅಡಿ ಆದೇಶವನ್ನೇ ಹೊರಡಿಸಿತ್ತು. ಅಂಥ ಖರೀದಿಯ ಏರಿಳಿತ ನಿಮ್ಮ ಬಿಲ್ಲಿನ ಎಫ್‌ಪಿಪಿಸಿಎ (ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ) ಸಾಲಿನಲ್ಲಿ ಬಂದು ಕೂರುತ್ತದೆ. ಅದರ ಜೊತೆಗೆ 2025ರ ಏಪ್ರಿಲ್‌ನಿಂದ ವಿದ್ಯುತ್ ಕಂಪನಿಗಳ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಟಿ ಬಾಬ್ತೂ ಸೇರಿದೆ; 2025-26ರಲ್ಲಿ ಅದು ಯೂನಿಟ್‌ಗೆ 36 ಪೈಸೆ ಇತ್ತು. ಇವೆರಡರ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ.

ಎಕ್ಸ್‌ಚೇಂಜ್? ಬಿಸಿಲಿನ ಹೊತ್ತಿನಲ್ಲಿ ಸೋಲಾರ್‌ನಿಂದಾಗಿ ದರ ಕುಸಿಯುತ್ತದೆ, ಕತ್ತಲಾದ ಮೇಲೆ ಏರುತ್ತದೆ. ಮಿತಿಮೀರದಿರಲಿ ಅಂತ 2023ರಲ್ಲಿ ಯೂನಿಟ್‌ಗೆ 10 ರೂಪಾಯಿಯ ಮಿತಿ ಹಾಕಿದರು. ಆದರೆ ಹೀಗೆ ಹೊರಗಿನಿಂದ ನೇರವಾಗಿ ಕೊಳ್ಳುವ ಓಪನ್ ಆಕ್ಸೆಸ್‌ಗೆ ಸಾಮಾನ್ಯವಾಗಿ 1 ಮೆಗಾವಾಟ್ ಬೇಡಿಕೆ ಇರಬೇಕು. ಸೋಲಾರ್, ಗಾಳಿಯಂಥ ಹಸಿರು ಕರೆಂಟಿಗಾದರೆ 2022ರ ನಿಯಮದ ಪ್ರಕಾರ 100 ಕಿಲೋವಾಟ್ ಸಾಕು. ಹಾಗೆ ಕೊಂಡರೂ ದೊಡ್ಡ ಲೈನಿನ ಬಾಡಿಗೆ, ವೀಲಿಂಗ್ (ಸ್ಥಳೀಯ ತಂತಿಯ ಬಾಡಿಗೆ), ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಅಗ್ಗದ ದರದ ಗ್ರಾಹಕರ ಹೊರೆ ತುಂಬಲು ಹಾಕುವ ಶುಲ್ಕ) ಎಲ್ಲ ಮೇಲೆ ಬೀಳುತ್ತವೆ. ಏಜೆಂಟ್ ಬಂದು ಬರೀ ಯೂನಿಟ್ ದರ ತೋರಿಸಿದರೆ, ನಿಮ್ಮ ಮೀಟರ್ ಹತ್ತಿರ ಬಂದು ಬೀಳುವಾಗ ಎಷ್ಟಾಗುತ್ತದೆ ಅಂತ ಬರೆಸಿಕೊಳ್ಳಿ. ನನ್ನಷ್ಟು ಸಣ್ಣ ಪ್ಲಾಂಟಿಗೆ ಆ ಲೆಕ್ಕ ಗಿಟ್ಟಲಿಲ್ಲ.

ಹಾಗಾಗಿ ಮೊದಲು ಎಂಡಿ ನೋಡಿ. ಹನ್ನೆರಡು ತಿಂಗಳ ಬಿಲ್ ಸಾಲಾಗಿ ಹಾಸಿಕೊಳ್ಳಿ. ಒಪ್ಪಂದದ ಹತ್ತಿರಕ್ಕೂ ಎಂಡಿ ಹೋಗಿಲ್ಲ ಅಂದರೆ ಒಪ್ಪಂದದ ಲೋಡ್ ಇಳಿಸಲು ಅರ್ಜಿ ಕೊಡಿ. ಆದರೆ ಸೀಸನ್ನಿನ ತಿಂಗಳು ನೋಡಿ ಇಳಿಸಿ, ಮಳೆಗಾಲ ನೋಡಿ ಇಳಿಸಿದರೆ ದಂಡಕ್ಕೆ ಸಿಕ್ಕಿಬೀಳುತ್ತೀರಿ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜಕ್ಕೂ ಕೆಲಸಕ್ಕೆ ಬಂತು ಅನ್ನುವ ಲೆಕ್ಕ) 0.90ಕ್ಕಿಂತ ಕೆಳಗಿದ್ದರೆ, ಅದನ್ನು ಸರಿಪಡಿಸುವ ಕೆಪಾಸಿಟರ್‌ಗಳ ಪರೀಕ್ಷೆ ಮಾಡಿಸಿ. ನಮ್ಮ ಉಪ್ಪುಗಾಳಿಗೆ ಅವು ಬೇಗ ಹೋಗುತ್ತವೆ, ಯಾರೂ ಗಮನಿಸುವುದಿಲ್ಲ. ಟಿಒಡಿ ದರ (ದಿನದ ಹೊತ್ತಿಗೆ ತಕ್ಕಂತೆ ಬದಲಾಗುವ ದರ) ನಿಮಗೆ ಇದ್ದರೆ ಸಂಜೆ 6ರಿಂದ 10ರವರೆಗೆ ಕಂಪ್ರೆಸರ್‌ಗೆ ಆದಷ್ಟು ರಜೆ ಕೊಡಿ. ಬಾಗಿಲು ತೆರೆಯದಿದ್ದರೆ ಕೋಣೆ ಅಷ್ಟು ಹೊತ್ತು ತಡೆಯುತ್ತದೆ.

ಮೇ ಮತ್ತು ಜುಲೈ ಬಿಲ್ಲಿನ ಎಂಡಿ, ಒಪ್ಪಂದದ ಕೆವಿಎ, ಪವರ್ ಫ್ಯಾಕ್ಟರ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಈ ವಾರ ಮಾತ್ರ ತಡವಾಗಬಹುದು, ಟ್ಯಾಂಕ್ ತೊಳೆಯುವ ಕೆಲಸ ಹಿಡಿದಿದ್ದೇನೆ.