ಪರದೇಶದಲ್ಲಿ ಪಾಠ ಹೇಳುವವರ ಗೆಳೆತನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹನ್ನೊಂದು ತಿಂಗಳಿಂದ ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿ ಮೂರು ವರ್ಷದ ಕರಾರಿನ ಮೇಲೆ ಭೌತಶಾಸ್ತ್ರದ ಅಧ್ಯಾಪಕನಾಗಿದ್ದೇನೆ. ಪಾಠಗಳು ಚೆನ್ನಾಗಿಯೇ ನಡೆಯುತ್ತಿವೆ, ಸಹೋದ್ಯೋಗಿಗಳೂ ಸೌಜನ್ಯದಿಂದ ನಡೆದುಕೊಳ್ಳುತ್ತಾರೆ. ಆದರೆ ವಾರದ ಕೊನೆಯ ದಿನ ಸಂಜೆ ಕೊಠಡಿಗೆ ಬೀಗ ಹಾಕಿ ಹೊರಟರೆ ಮುಂದಿನ ವಾರದವರೆಗೆ ಯಾರೊಂದಿಗೂ ಮಾತಿಲ್ಲ. ಮಧ್ಯಾಹ್ನ ಎಲ್ಲರೂ ಸೇರುವ ಮೇಜಿಗೆ ನಾನು ಬಂದ ಕೂಡಲೇ ಅವರು ಇಂಗ್ಲಿಷಿಗೆ ಹೊರಳುತ್ತಾರೆ, ಎರಡೇ ನಿಮಿಷದಲ್ಲಿ ಮತ್ತೆ ತಮ್ಮ ಭಾಷೆಗೆ ಮರಳುತ್ತಾರೆ. ಮೊದಲ ಮೂರ್ನಾಲ್ಕು ತಿಂಗಳು ಇದ್ದ ಹುಮ್ಮಸ್ಸು ಈಗ ಉಳಿದಿಲ್ಲ. ದೋಷ ನನ್ನ ಸ್ವಭಾವದಲ್ಲಿದೆಯೇ? ಕರಾರು ಬಿಟ್ಟು ವಾಪಸು ಬರುವುದೇ ಒಳ್ಳೆಯದೇ?

ಉತ್ತರ: ದೋಷ ನಿಮ್ಮ ಸ್ವಭಾವದಲ್ಲಿಲ್ಲ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನೀವು ಕೊಟ್ಟಿರುವ ತಿಂಗಳುಗಳ ಲೆಕ್ಕವೇ ಹಾಗೆ ಹೇಳುತ್ತದೆ. 1955ರಲ್ಲಿ ಲೈಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞರು, ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ವಿದ್ವತ್ ವಿನಿಮಯ ವೇತನದ ಮೇಲೆ ಅಮೆರಿಕಕ್ಕೆ ಹೋಗಿ ಬಂದಿದ್ದ ತಮ್ಮ ದೇಶದ ಸುಮಾರು 200 ಮಂದಿಯ ಅನುಭವಗಳನ್ನು ಪರಿಶೀಲಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹೊಂದಿಕೊಂಡಿದ್ದಷ್ಟು ಚೆನ್ನಾಗಿ, ನಡುವಿನ ಅವಧಿಯಲ್ಲಿದ್ದವರು ಹೊಂದಿಕೊಂಡಿರಲಿಲ್ಲ. ಎಲ್ಲರ ಅನುಭವವೂ ಈ ಅಚ್ಚಿನಲ್ಲೇ ಇರುವುದಿಲ್ಲ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ, ನಿಜ. ಆದರೂ ನೀವೀಗ ನಿಂತಿರುವ ಹನ್ನೊಂದನೆಯ ತಿಂಗಳು ಆ ತಗ್ಗಿನ ನಟ್ಟನಡುವೆಯೇ ಇದೆ. ಹೊಸತನದ ಸೆಳೆತ ಮುಗಿದಿದೆ, ಬಳಕೆಯ ನೆಮ್ಮದಿ ಇನ್ನೂ ಬಂದಿಲ್ಲ. ಇಂಥ ಹೊತ್ತಿನಲ್ಲಿ ಕರಾರು ಬಿಡುವಂಥ ದೊಡ್ಡ ತೀರ್ಮಾನವನ್ನು ದಯವಿಟ್ಟು ತೆಗೆದುಕೊಳ್ಳಬೇಡಿ.

ಇನ್ನು ಆ ಮೇಜಿನ ವಿಷಯ. ನಾನೂ ಹೊರದೇಶದಲ್ಲಿ ಏಳು ವರ್ಷ ಪಾಠ ಹೇಳಿದವಳು, ಆ ಎರಡು ನಿಮಿಷಗಳನ್ನು ಚೆನ್ನಾಗಿ ಬಲ್ಲೆ. ಮಾತು ನಮ್ಮ ಕಿವಿಯ ಪಕ್ಕದಲ್ಲೇ ನಡೆಯುತ್ತಿರುತ್ತದೆ. ಎಲ್ಲರೂ ನಕ್ಕಾಗ ನಾವೂ ತಡವಾಗಿ ನಗುತ್ತೇವೆ, ಯಾವುದಕ್ಕೆ ನಕ್ಕೆವೆಂದು ನಮಗೇ ತಿಳಿದಿರುವುದಿಲ್ಲ. ಅದನ್ನು ತಿರಸ್ಕಾರವೆಂದು ನಾನು ಬಹಳ ಕಾಲ ತಪ್ಪು ತಿಳಿದಿದ್ದೆ. ಬೆಳಿಗ್ಗೆಯಿಂದ ದುಡಿದು ದಣಿದವರು ಬಿಡುವಿನ ಅರ್ಧ ಗಂಟೆಯಲ್ಲಿ ತಮಗೆ ಸಲೀಸಾದ ಭಾಷೆಗೆ ಜಾರುತ್ತಾರೆ, ಅಷ್ಟೆ. ಆರು ಮಂದಿಯ ಮೇಜನ್ನು ಒಲಿಸಿಕೊಳ್ಳಲು ಯಾರಿಂದಲೂ ಆಗದು, ಪಕ್ಕದಲ್ಲಿ ಕುಳಿತ ಒಬ್ಬರೊಂದಿಗೆ ಮಾತನಾಡಲು ಆಗುತ್ತದೆ. ನಿಮ್ಮ ಗಮನವನ್ನು ಗುಂಪಿನಿಂದ ಆ ಒಬ್ಬರ ಕಡೆಗೆ ತಿರುಗಿಸಿ. ಜೊತೆಗೆ ಸ್ಥಳೀಯ ಭಾಷೆಯನ್ನು ಕಲಿಯಲು ಇಂದೇ ತೊಡಗಿ. ನಿಮ್ಮ ಉಚ್ಚಾರವನ್ನು ತಿದ್ದುವ ನೆಪದಲ್ಲಿ ಹತ್ತಿರವಾಗುವವರು ಇದ್ದೇ ಇರುತ್ತಾರೆ.

ಆ ಒಬ್ಬರು ಯಾರಾಗಬೇಕು? ಸಾಮಾನ್ಯವಾಗಿ ನಾವು ಸಮಾನ ಅಭಿರುಚಿಯವರನ್ನು ಹುಡುಕುತ್ತಾ ಹೊರಡುತ್ತೇವೆ. ದಿನವೂ ಎದುರಾಗುವವರನ್ನು ಮೊದಲು ನೋಡಿ ಎಂಬುದು ನನ್ನ ಸಲಹೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಗಳಲ್ಲಿ ಮನಶ್ಶಾಸ್ತ್ರಜ್ಞ ಫೆಸ್ಟಿಂಗರ್ ಮತ್ತು ಅವರ ಸಂಗಡಿಗರು ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಕ್ಕಪಕ್ಕದ ಬಾಗಿಲಿನವರಲ್ಲಿ ಶೇಕಡಾ 41ರಷ್ಟು ಮಂದಿ ಒಬ್ಬರನ್ನೊಬ್ಬರು ಆಪ್ತರೆಂದು ಹೆಸರಿಸಿದರೆ, ಅದೇ ಮಹಡಿಯ ಎರಡು ತುದಿಗಳಲ್ಲಿದ್ದವರಲ್ಲಿ ಆ ಪ್ರಮಾಣ ಶೇಕಡಾ 10ಕ್ಕೆ ಇಳಿದಿತ್ತು. ಮೆಟ್ಟಿಲ ಬುಡದಲ್ಲಿ ಮನೆಯಿದ್ದವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರಿದ್ದರು. ನಿಮ್ಮ ಕೊಠಡಿಯ ಬಾಗಿಲನ್ನು ದಿನಕ್ಕೆ ಒಂದು ಗಂಟೆಯಾದರೂ ತೆರೆದಿಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನನ್ನ ಮಟ್ಟಿಗೆ ಆ ವ್ಯಕ್ತಿ ಪ್ರಾಧ್ಯಾಪಕರಾಗಿರಲಿಲ್ಲ, ನಮ್ಮ ವಿಭಾಗದ ಲ್ಯಾಬ್ ನೋಡಿಕೊಳ್ಳುತ್ತಿದ್ದ ತಂತ್ರಜ್ಞೆ. ಒಂದು ಸಂಜೆ ನನ್ನ ಸೈಕಲ್ಲಿನ ಗಾಳಿ ಇಳಿದಿತ್ತು, ಅವರ ಪಂಪ್ ಕೇಳಿ ಪಡೆದೆ. ವಾಷರ್ ಸವೆದು ಹೋಗಿದ್ದರಿಂದ ಬುಡಕ್ಕೆ ನೀಲಿ ದಾರ ಬಿಗಿದಿದ್ದ ಹಳೆಯ ಪಂಪ್ ಅದು; ದಾರದ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಗಾಳಿಯೆಲ್ಲ ಪಕ್ಕದಿಂದ ಸೋರುತ್ತಿತ್ತು. ಅವರು ಗಂಟು ಒತ್ತಿದರು, ನಾನು ಹಿಡಿ ಒತ್ತಿದೆ. ಮರುದಿನ ಹಿಂದಿರುಗಿಸುವಾಗ ಹೊಸ ವಾಷರ್ ಹಾಕಿಸಿ ಕೊಟ್ಟೆ. ಮುಂದಿನ ವಾರ ಅವರು ನನ್ನ ಬಳಿ ಯಾವುದೋ ಅರ್ಜಿಯ ಇಂಗ್ಲಿಷ್ ತಿದ್ದಿಸಿಕೊಳ್ಳಲು ಬಂದರು. ನಮ್ಮಿಬ್ಬರಿಗೂ ಸಮವಾಗಿ ಬರುವ ಭಾಷೆಯೇ ಇರಲಿಲ್ಲ, ಆದರೂ ಪ್ರತಿ ಬುಧವಾರ ಸಂಜೆ ಇಬ್ಬರೂ ಕೂಡಿ ಲ್ಯಾಬಿಗೆ ಬೀಗ ಹಾಕಿ ಮನೆಯ ದಾರಿ ಹಿಡಿಯುವುದು ರೂಢಿಯಾಯಿತು. ಅಲ್ಲಿಗೆ ಹೋಗಿ ಒಂದೂವರೆ ವರ್ಷ ನಾನು ಎಲ್ಲರಿಗೂ ನೆರವಾಗಲು ತುದಿಗಾಲಿನಲ್ಲಿದ್ದೆ, ಯಾರ ಬಳಿಯೂ ಏನನ್ನೂ ಕೇಳಿರಲಿಲ್ಲ. ಕೇಳದೆ ಇರುವುದೇ ಮರ್ಯಾದೆ ಎಂದುಕೊಂಡಿದ್ದೆ, ಅದರಿಂದಲೇ ದೂರ ಉಳಿದಿದ್ದೆ. ನೀವು ಈ ವಾರವೇ ಯಾರಲ್ಲಾದರೂ ಒಂದು ಸಣ್ಣ ಸಹಾಯ ಕೇಳಿ.

ಬಳಿಕ ಬೇಕಾಗುವುದು ಸಮಯ, ಅದರ ಲೆಕ್ಕವೂ ನಾವು ತಿಳಿದಿರುವುದಕ್ಕಿಂತ ದೊಡ್ಡದು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು, ಹೊಸ ಊರಿಗೆ ಹೋಗಿ ಆರು ತಿಂಗಳೊಳಗಿದ್ದವರನ್ನೂ ಹೊಸ ವಿದ್ಯಾರ್ಥಿಗಳನ್ನೂ ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹವಾಗಲು ಸುಮಾರು 90 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕು. ಇನ್ನೊಂದು ಮಾತು ಅಧ್ಯಾಪಕರು ಗಮನಿಸಬೇಕಾದದ್ದು: ಕೂಡಿ ಕೆಲಸ ಮಾಡಿದ ಗಂಟೆಗಳು ಈ ಲೆಕ್ಕಕ್ಕೆ ಅಷ್ಟಾಗಿ ಸೇರುವುದಿಲ್ಲ. ನೀವು ಸಭೆಗಳಲ್ಲಿ, ಉತ್ತರಪತ್ರಿಕೆಗಳ ನಡುವೆ ಕಳೆದ ಹನ್ನೊಂದು ತಿಂಗಳು ಏಕೆ ಗೆಳೆತನವಾಗಲಿಲ್ಲ ಎಂಬುದಕ್ಕೆ ಇದು ಬಹುಮಟ್ಟಿಗೆ ಉತ್ತರ. ಒಬ್ಬರೊಂದಿಗೆ ವಾರಕ್ಕೆ ಎರಡು ಗಂಟೆ ಕಳೆದರೂ ಹದಿನೈದು ವಾರದ ಒಂದು ಸೆಮಿಸ್ಟರಿಗೆ ಆಗುವುದು 30 ಗಂಟೆ ಮಾತ್ರ. ಆದ್ದರಿಂದ ವಾರದಲ್ಲಿ ಒಂದು ಹೊತ್ತನ್ನು ನಿಗದಿ ಮಾಡಿಕೊಳ್ಳಿ. ಮತ್ತೊಮ್ಮೆ ಆಹ್ವಾನಿಸುವ ಸಂಕೋಚವೇ ಬಾರದಂತೆ ಅದು ತಾನಾಗಿ ಬರುತ್ತಿರಬೇಕು.

ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಗೆ ಐನ್‌ಸ್ಟೈನ್ 1933ರಲ್ಲಿ, ಗಣಿತಜ್ಞ ಗೋಡೆಲ್ 1940ರಲ್ಲಿ ನೆಲೆ ತಪ್ಪಿ ಬಂದವರು. ಇಬ್ಬರ ನಡುವೆ ಇಪ್ಪತ್ತೇಳು ವರ್ಷದ ಅಂತರ, ಸ್ವಭಾವದಲ್ಲಿ ಅಜಗಜಾಂತರ. ಆದರೂ ಸಂಸ್ಥೆಯಿಂದ ಮನೆಗೆ ಜರ್ಮನ್ ಭಾಷೆಯಲ್ಲಿ ಮಾತನಾಡುತ್ತಾ ನಡೆದು ಹೋಗುವುದು ಅವರ ನಿತ್ಯದ ಪದ್ಧತಿಯಾಗಿತ್ತು. ಗೋಡೆಲ್ ಜೊತೆ ಮನೆಗೆ ನಡೆಯುವ ಭಾಗ್ಯಕ್ಕಾಗಿಯೇ ತಾನು ಸಂಸ್ಥೆಗೆ ಬರುವುದೆಂದು ಐನ್‌ಸ್ಟೈನ್ ಕೊನೆಯ ವರ್ಷಗಳಲ್ಲಿ ಹೇಳಿದ್ದುಂಟು. ಹೇಗಿದ್ದರೂ ನಡೆಯಲೇಬೇಕಾದ ದಾರಿಯನ್ನು ಅವರು ಜೊತೆಯಾಗಿ ನಡೆದರು.

ವಾಪಸಾಗುವ ಪ್ರಶ್ನೆಯನ್ನು ಹದಿನೆಂಟು ತಿಂಗಳು ತುಂಬುವವರೆಗೆ ಬದಿಗಿಡಿ. ಆದರೆ ನಿದ್ದೆ ಕೆಟ್ಟಿದ್ದರೆ, ಪಾಠಕ್ಕೆ ಹೋಗುವುದೇ ಭಾರವೆನಿಸುತ್ತಿದ್ದರೆ, ಅದನ್ನು ಒಂಟಿತನವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಎಷ್ಟೋ ವಿಶ್ವವಿದ್ಯಾಲಯಗಳು ಸಿಬ್ಬಂದಿಗೆ ಆಪ್ತಸಮಾಲೋಚನೆಯ ಸೌಲಭ್ಯ ಕೊಡುತ್ತವೆ, ನಿಮ್ಮಲ್ಲಿಯೂ ಇದೆಯೇ ಎಂದು ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ.

ಪ್ರಶ್ನೆ: ನಾನಿರುವ ಅತಿಥಿ ಅಧ್ಯಾಪಕರ ವಸತಿಯಲ್ಲಿ ಎಲ್ಲರೂ ಒಂದೆರಡು ವರ್ಷಕ್ಕೆಂದು ಬಂದವರು. ಹತ್ತಿರವಾದವರೆಲ್ಲ ಹೊರಟುಹೋಗುತ್ತಾರೆ. ಈ ವರ್ಷ ಹೊಸಬರನ್ನು ಮಾತನಾಡಿಸಲು ಮನಸ್ಸೇ ಬರುತ್ತಿಲ್ಲ, ಏನು ಮಾಡಲಿ?

ಉತ್ತರ: ನಿಮ್ಮ ದಣಿವು ನ್ಯಾಯವಾದದ್ದು. ಹೊಸಬರೆಲ್ಲರನ್ನೂ ಸ್ವಾಗತಿಸುವ ಹೊಣೆಯನ್ನು ಒಂದು ವರ್ಷ ಬೇರೆಯವರಿಗೆ ಬಿಡಿ. ಆದರೆ ನಿಮ್ಮ ಗೆಳೆತನವೆಲ್ಲ ಹೊರಟುಹೋಗುವವರ ನಡುವೆಯೇ ಇರುವುದು ನನಗೆ ಸರಿ ಕಾಣದು. ಆ ಊರಿನಲ್ಲೇ ನೆಲೆಸಿರುವವರು, ಗ್ರಂಥಾಲಯದ ಸಿಬ್ಬಂದಿ, ನೆರೆಯ ನಿವೃತ್ತರು, ವಾರಕ್ಕೊಮ್ಮೆ ಸೇರುವ ಹಾಡಿನ ಅಥವಾ ಆಟದ ತಂಡದವರು, ಕರಾರಿನ ಗಡುವಿಲ್ಲದೆ ಅಲ್ಲಿಯೇ ಇರುತ್ತಾರೆ. ಹೋದವರಲ್ಲಿ ಇಬ್ಬರನ್ನಾದರೂ ಆರಿಸಿಕೊಂಡು ಪತ್ರ ವ್ಯವಹಾರ ಉಳಿಸಿಕೊಳ್ಳಿ. ಎಲ್ಲರನ್ನೂ ಉಳಿಸಿಕೊಳ್ಳಲು ಹೊರಟರೆ ಹಬ್ಬದ ಶುಭಾಶಯವಷ್ಟೇ ಉಳಿಯುತ್ತದೆ.

ಪ್ರಶ್ನೆ: ನನ್ನ ತರಗತಿಯ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ನನ್ನ ವಯಸ್ಸಿನವರೇ, ಸಂಜೆ ತಮ್ಮ ಗೆಳೆಯರ ಕೂಟಕ್ಕೆ ಕರೆಯುತ್ತಿದ್ದಾರೆ. ಇಲ್ಲಿ ನನಗೆ ಬೇರೆ ಯಾರೂ ಇಲ್ಲ. ಹೋಗಬಹುದೇ?

ಉತ್ತರ: ಅವರ ಅಂಕಗಳು ನಿಮ್ಮ ಕೈಯಲ್ಲಿರುವವರೆಗೆ ಹೋಗಬೇಡಿ. ನಿಮ್ಮ ಮನಸ್ಸು ಎಷ್ಟೇ ಶುದ್ಧವಾಗಿರಲಿ, ಅದೇ ತರಗತಿಯಲ್ಲಿ ಕರೆ ಬಾರದೆ ಕುಳಿತಿರುವ ಉಳಿದವರಿಗೆ ಅದು ಕಾಣುವುದಿಲ್ಲ, ಮತ್ತು ಪರದೇಶದವರಾದ ನಿಮ್ಮ ವೀಸಾ ಕೆಲಸಕ್ಕೇ ಅಂಟಿಕೊಂಡಿರುವಾಗ ಒಂದು ದೂರು ಬಂದರೂ ಇತರರಿಗಿಂತ ಹೆಚ್ಚು ಕಷ್ಟಕ್ಕೆ ಸಿಲುಕುತ್ತೀರಿ. ನಿರಾಕರಣೆಯನ್ನು ಬೆಚ್ಚಗೆ ಹೇಳಿ: "ಕರೆದದ್ದು ಸಂತೋಷ, ಫಲಿತಾಂಶ ಬಂದ ಮೇಲೆ ಖಂಡಿತ ಬರುತ್ತೇನೆ." ಫಲಿತಾಂಶ ಪ್ರಕಟವಾಗಿ, ಮುಂದೆಯೂ ಅವರು ನಿಮ್ಮ ತರಗತಿಗಾಗಲಿ ಮಾರ್ಗದರ್ಶನಕ್ಕಾಗಲಿ ಬರುವುದಿಲ್ಲವೆಂದು ಖಚಿತವಾದ ದಿನ, ಅವರು ಮತ್ತೆ ಕರೆಯಲೆಂದು ಕಾಯದೆ ನೀವೇ ಕರೆ ಮಾಡಿ.