ಗ್ಯಾಸಿನ ಕ್ಯಾಪ್ಸೂಲೂ ಲೆಕ್ಕಕ್ಕೆ ಬರುತ್ತದೆ

ಪ್ರಶ್ನೆ: ಅಮ್ಮನಿಗೆ 62 ವರ್ಷ. ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಆಪರೇಷನ್ ನಿಗದಿಯಾಗಿತ್ತು. ಹಿಂದಿನ ದಿನ ಅರಿವಳಿಕೆ ಡಾಕ್ಟರು ಇಸಿಜಿ ನೋಡಿ, ‘ಕ್ಯೂಟಿಸಿ 490 ಇದೆ, ಪೊಟ್ಯಾಸಿಯಂ 3.1ಕ್ಕೆ ಇಳಿದಿದೆ’ ಎಂದು ಮೂರು ದಿನ ಮುಂದಕ್ಕೆ ಹಾಕಿದರು. ಎದೆನೋವಿಲ್ಲ, ಎಕೋ ನಾರ್ಮಲ್. ಬಿಪಿಗೆ ಟೆಲ್ಮಿಸಾರ್ಟಾನ್–ಹೈಡ್ರೋಕ್ಲೋರೋಥಯಾಜೈಡ್, ಆತಂಕಕ್ಕೆ ಎಸಿಟಲೋಪ್ರಾಮ್ 10 ಮಿ.ಗ್ರಾಂ, ಗ್ಯಾಸಿಗೆ ಡಾಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ತಗೊಳ್ತಾರೆ. ಇಷ್ಟಕ್ಕೇ ಮುಂದೂಡಬೇಕಿತ್ತೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಂದೂಡಿದ್ದು ಸರಿಯೇ. ಎಕೋ ತೋರಿಸುವುದು ಹೃದಯದ ಪಂಪು ಮತ್ತು ಕವಾಟಗಳನ್ನು. ಅಮ್ಮನದು ಕರೆಂಟಿನ ತಕರಾರು. ಪ್ರತಿ ಬಡಿತದ ನಂತರ ಹೃದಯದ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋದರೇ ಅವು ಮುಂದಿನ ಬಡಿತಕ್ಕೆ ಅಣಿಯಾಗುವುದು. ಇದಕ್ಕೆ ಹಿಡಿಯುವ ಸಮಯ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರದಲ್ಲಿ ಕಾಣುತ್ತದೆ. ನಾಡಿಯ ವೇಗಕ್ಕೆ ಸರಿಹೊಂದಿಸಿದ ಲೆಕ್ಕವೇ ಕ್ಯೂಟಿಸಿ. ಇಸಿಜಿ ಕಾಗದದ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ನಾಡಿ 60 ಇದ್ದರೆ 490 ಮಿಲಿಸೆಕೆಂಡ್ ಅಂದರೆ ಹನ್ನೆರಡು ಚೌಕಕ್ಕೂ ತುಸು ಹೆಚ್ಚು. ಹೆಂಗಸರಲ್ಲಿ 460ರವರೆಗೆ ಸರಿ. 500 ದಾಟಿದರೆ ಅಪಾಯ ಏರುತ್ತದೆ. ಅಮ್ಮ ಅದರ ಹೊಸ್ತಿಲಲ್ಲಿದ್ದಾರೆ. ಅಣಿಯಾಗುವ ಮೊದಲೇ ಅಡ್ಡಾದಿಡ್ಡಿ ಬಡಿತವೊಂದು ಬಿದ್ದರೆ ಇಸಿಜಿಯ ಅಲೆಗಳು ಹಗ್ಗದಂತೆ ಹುರಿಗೊಳ್ಳುತ್ತವೆ. ಟೋರ್ಸಾಡ್ ಎನ್ನುವುದು ಇದಕ್ಕೇ. ರಕ್ತ ಮುಂದೆ ಹೋಗುವುದಿಲ್ಲ, ಪ್ರಜ್ಞೆ ತಪ್ಪುತ್ತದೆ.

ತಪ್ಪು ಒಂದು ಮಾತ್ರೆಯದಲ್ಲ. ಎಸಿಟಲೋಪ್ರಾಮ್, ಡಾಂಪೆರಿಡೋನ್ ಎರಡೂ ಪೊಟ್ಯಾಸಿಯಂ ಹೊರಹೋಗುವ ಬಾಗಿಲನ್ನೇ ಅಷ್ಟಿಷ್ಟು ಮುಚ್ಚುತ್ತವೆ. ಬಿಪಿ ಮಾತ್ರೆಯಲ್ಲಿರುವ ಥಯಾಜೈಡ್ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ. ರಕ್ತದಲ್ಲಿ ಅದು ಇಳಿದಷ್ಟೂ ಬಾಗಿಲು ಇನ್ನಷ್ಟು ಬಿಗಿ. ಇದರ ಮೇಲೆ ಥಿಯೇಟರಿನಲ್ಲಿ ಅರಿವಳಿಕೆಯ ಸೆವೊಫ್ಲುರೇನ್ ಅನಿಲ, ಕೊನೆಗೆ ವಾಂತಿ ತಡೆಯಲು 4 ಮಿ.ಗ್ರಾಂ ಒಂಡಾನ್ಸೆಟ್ರಾನ್. ಇವೂ ಕ್ಯೂಟಿ ಹಿಗ್ಗಿಸುವವೇ. 32 ಮಿ.ಗ್ರಾಂ ಒಂಡಾನ್ಸೆಟ್ರಾನನ್ನು ಒಂದೇ ಸಲಕ್ಕೆ ನರಕ್ಕೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. 4 ಮಿ.ಗ್ರಾಂ ಎಷ್ಟೋ ಜನರಿಗೆ ಏನೂ ಮಾಡುವುದಿಲ್ಲ; ಅಮ್ಮನಿಗೆ ಮಾತ್ರ ಅದು ನಾಲ್ಕನೆಯದೋ ಐದನೆಯದೋ ಹೊರೆ.

ಮೂರು ದಿನ ಏಕೆ? ಡಾಂಪೆರಿಡೋನ್ ನಿಲ್ಲಿಸಿದರೆ ಸುಮಾರು ಎರಡು ದಿನಕ್ಕೆ ಮೈಯಿಂದ ಹೋಗುತ್ತದೆ. ಅಷ್ಟರಲ್ಲಿ ಪೊಟ್ಯಾಸಿಯಂ 4ಕ್ಕೆ ತರಬಹುದು. ಪೊಟ್ಯಾಸಿಯಂ ಸಿರಪ್ಪಿನ 15 ಮಿ.ಲೀ.ನಲ್ಲಿ ಸಾಮಾನ್ಯವಾಗಿ 20 ಮಿಲಿಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಮಾನ) ಇರುತ್ತದೆ. ಊಟದ ನಂತರ ಒಂದು ಲೋಟ ನೀರಿಗೆ ಬೆರೆಸಿ ಕುಡಿಯಬೇಕು, ಹಾಗೇ ಕುಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟು ಸಲ ಎಂದು ಡಾಕ್ಟರೇ ಹೇಳಲಿ: ಟೆಲ್ಮಿಸಾರ್ಟಾನ್ ಪೊಟ್ಯಾಸಿಯಂ ಹಿಡಿದಿಡುತ್ತದೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ಅತಿಯಾಗಿಯೂ ತೊಂದರೆ ಆಗಬಹುದು. ಎಳನೀರು ಸಿರಪ್ಪಿಗೆ ಬದಲಿಯಲ್ಲ. ಒಂದೊಂದು ಕಾಯಲ್ಲಿ ಒಂದೊಂದು ಪ್ರಮಾಣ. ಮೆಗ್ನೀಸಿಯಂ ಪರೀಕ್ಷೆಯನ್ನೂ ಕೇಳಿ. ಅದು ಕಡಿಮೆಯಿದ್ದರೆ ಎಷ್ಟು ಸಿರಪ್ ಕುಡಿದರೂ ಪೊಟ್ಯಾಸಿಯಂ ಏರಲು ಒಪ್ಪುವುದಿಲ್ಲ.

ಎಸಿಟಲೋಪ್ರಾಮನ್ನು ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರುತ್ತದೆ. ಅರಿವಳಿಕೆಯವರ ಬಳಿ ಬೇರೆ ದಾರಿಗಳಿವೆ: ಅನಿಲದ ಬದಲು ಪ್ರೊಪೊಫಾಲ್ ಡ್ರಿಪ್, ವಾಂತಿಗೆ ಡೆಕ್ಸಾಮೆಥಾಸೋನ್ (ಸಕ್ಕರೆ ಕಾಯಿಲೆಯಿದ್ದರೆ ನೋಡಿಕೊಂಡು). ಟೋರ್ಸಾಡ್ ಬಂದೇಬಿಟ್ಟರೆ ನರಕ್ಕೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ನಾಡಿ ನಿಂತರೆ ತಕ್ಷಣ ಶಾಕ್.

ಅಡ್ಮಿಟ್ ಆಗುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಒಯ್ಯಿರಿ. ಕಳೆದ ವಾರ ನೆಗಡಿಗೆಂದು ನುಂಗಿದ ಅಜಿತ್ರೋಮೈಸಿನ್, ತುರಿಕೆಗೆ ತಗೊಂಡ ಫ್ಲುಕೊನಜೋಲ್ ಕೂಡ ಅದರಲ್ಲಿರಲಿ. ‘ಅದೇನು ಔಷಧಿನಾ, ಗ್ಯಾಸಿಂದು’ ಎಂದು ಹೇಳದೆ ಬಿಡುವವರೇ ಹೆಚ್ಚು.

ಪ್ರಶ್ನೆ: ನಾಳಿದ್ದು ಹರ್ನಿಯಾ ಆಪರೇಷನ್. ಬೆಳಗ್ಗೆ ಏನೂ ತಿನ್ನಬೇಡಿ ಅಂದಿದ್ದಾರೆ. ವರ್ಷಗಳಿಂದ ನುಂಗುತ್ತಿರುವ ಮೆಟೊಪ್ರೊಲಾಲ್ ಬಿಡಬೇಕೆ?

ಉತ್ತರ: ಬಿಡಬೇಡಿ. ಅದು ಹೃದಯದ ಬಡಿತ ತಗ್ಗಿಸುವ ಮಾತ್ರೆ. ಥಟ್ಟನೆ ನಿಲ್ಲಿಸಿದರೆ ಹೃದಯದ ಬಡಿತ ಎಗರುತ್ತದೆ. ಒಂದು ಗುಟುಕು ನೀರಿನಲ್ಲಿ ನುಂಗಿ. ನಾಡಿ 50ಕ್ಕಿಂತ ಕಡಿಮೆಯಿದ್ದರೆ ಅಥವಾ ಬಿಪಿ ಇಳಿದಿದ್ದರೆ ಮೊದಲು ಫೋನ್ ಮಾಡಿ ಕೇಳಿ. ಹೊಸಬರಿಗೆ ಆಪರೇಷನ್ ದಿನವೇ ದೊಡ್ಡ ಡೋಸಿನಲ್ಲಿ ಶುರುಮಾಡುವುದು ಬೇರೆ ಮಾತು: 2008ರಲ್ಲಿ ಹೊರಬಂದ ಪೊಯಿಸ್ ಅಧ್ಯಯನದಲ್ಲಿ ಹಾಗೆ ಮಾಡಿದಾಗ ಹೃದಯಾಘಾತ ತಗ್ಗಿತು, ಪಾರ್ಶ್ವವಾಯು ಮತ್ತು ಸಾವು ಹೆಚ್ಚಿದವು.